ಬೆಳ್ಳಿ ಪುಡಿ ಸಾಲು ಹಿಡಿಯದ ಮೂರು ತಿಂಗಳು

ನೀರಿಗೆ ಬೆಳ್ಳಿಯ ಪುಡಿ ಹಾಕಿ, ಅದಕ್ಕೆ ಕರೆಂಟು ಕೊಟ್ಟು, ಆ ಪುಡಿ ಸಾಲಾಗಿ ನಿಲ್ಲುವುದನ್ನು ನೋಡುತ್ತ ಕೂರುವುದೇ ನನ್ನ ಸಂಶೋಧನೆ ಎಂದರೆ ಹಿರಿಯೂರು ಸೀಮೆಯ ನಮ್ಮೂರು ಹರಿಯಬ್ಬೆಯಲ್ಲಿ ನಗುತ್ತಾರೆ. "ಅದಕ್ಕೂ ಸಂಬಳ ಕೊಡ್ತಾರೇನವ್ವಾ?" ಎಂದು ನಮ್ಮ ದೊಡ್ಡಪ್ಪ ಒಮ್ಮೆ ಕೇಳಿದ್ದರು. ಸಂಬಳ ಪಾಠ ಮಾಡುವುದಕ್ಕೆ, ಇದು ಪಿಎಚ್.ಡಿ.ಗೆ, ಇದಕ್ಕೆ ಯಾರೂ ಏನೂ ಕೊಡುವುದಿಲ್ಲ ಎಂದೆ. "ಹಂಗಾರೆ ಬಿಟ್ಟಿ ಚಾಕರಿ ಅನ್ನು" ಎಂದವರೇ ಕುರಿಗಳ ಕಡೆ ಹೊರಟರು. ಏಳು ವರ್ಷ ಆ ಬಿಟ್ಟಿ ಚಾಕರಿ ಮಾಡಿದವಳು ನಾನು. ಅದರಲ್ಲಿ ಒಂದು ಮೂರು ತಿಂಗಳು ನೆನಪಾದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಸಿಟ್ಟು ನನಗೆ ಬೇಗ ಬರುತ್ತದೆ. ಬಿಸಿ ಎಣ್ಣೆಗೆ ಬಿದ್ದ ಸಾಸಿವೆ ಎಂದು ನಮ್ಮವ್ವ ಕರೆಯುವುದು ನನ್ನನ್ನೇ. ಸಿಡಿದು ಸುಮ್ಮನಾಗುತ್ತೇನೆ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವುದಿಲ್ಲ ಎಂದು ನಾನೇ ಹೇಳಿಕೊಂಡು ಓಡಾಡುತ್ತಿದ್ದೆ, ಅದೊಂದು ದೊಡ್ಡ ಗುಣವೆಂಬಂತೆ. ಸಿಡಿದದ್ದು ಯಾರ ಕಣ್ಣಿಗೆ ಬಿತ್ತು ಎಂದು ತಿರುಗಿ ನೋಡುವ ಅಭ್ಯಾಸ ಮಾತ್ರ ಇರಲಿಲ್ಲ.

ನಾನು ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ತರಗತಿ ಮುಗಿದ ಮೇಲೆ ಲ್ಯಾಬಿನ ಕಿಟಕಿ ಪಕ್ಕದ ಮೇಜು ನನ್ನದು. ಕೆಲಸ ಹೇಳುವುದಕ್ಕೆ ಸರಳ. ಒಂದು ಗಾಜಿನ ತುಂಡಿನ ಮೇಲೆ ಎರಡು ತಾಮ್ರದ ಪಟ್ಟಿ, ನಡುವೆ ಒಂದು ಕೂದಲು ಹಿಡಿಸುವಷ್ಟು ಸಂದು. ಆ ಸಂದಿಗೆ ಬೆಳ್ಳಿಯ ಪುಡಿ ಕಲಸಿದ ಒಂದು ಹನಿ ನೀರು. ಪುಡಿಯೆಂದರೆ ಬೆರಳಿಗೆ ಸಿಗುವಂಥದ್ದಲ್ಲ, ಒಂದೊಂದು ಕಣವೂ ಕೂದಲಿನ ದಪ್ಪದಲ್ಲಿ ಐವತ್ತನೆಯ ಒಂದು ಪಾಲು. ಸೂಕ್ಷ್ಮದರ್ಶಕದಲ್ಲಿ ಇಣುಕಿದರೆ ಕಣಗಳು ಎಲ್ಲೆಂದರಲ್ಲಿ ನಿಂತು ಸುಮ್ಮನೆ ನಡುಗುತ್ತಿರುತ್ತವೆ. ಪಟ್ಟಿಗಳಿಗೆ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ತು ಕೊಟ್ಟರೆ ಪ್ರತಿ ಕಣದ ಒಂದು ತುದಿ ಧನ, ಇನ್ನೊಂದು ತುದಿ ಋಣವಾಗುತ್ತದೆ. ಇದರ ತಲೆ ಅದರ ಬಾಲವನ್ನು ಎಳೆಯುತ್ತದೆ. ನೋಡನೋಡುತ್ತಿದ್ದಂತೆ ಎರಡು, ಐದು, ಹತ್ತು, ಐವತ್ತು ಕಣ ಕೂಡಿಕೊಂಡು ಈ ಪಟ್ಟಿಯಿಂದ ಆ ಪಟ್ಟಿಗೆ ಬೆಳ್ಳಿಯ ಒಂದು ಎಳೆ ನಿಂತುಬಿಡುತ್ತದೆ. ಯಾರ ಕೈಯೂ ಮುಟ್ಟದೆ ಆದ ತಂತಿ. ಅದು ಎರಡೂ ಕಡೆ ತಾಗಿದ ಕೂಡಲೇ ಮೀಟರಿನ ಮುಳ್ಳು ಜಿಗಿಯುತ್ತದೆ. ಮೊದಲ ಸಲ ಅದು ಜಿಗಿದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ.

ಆಗ ಪಕ್ಕದಲ್ಲಿ ಇದ್ದದ್ದು ಅಕ್ಕ. ಲ್ಯಾಬಿನ ಅಟೆಂಡರ್. ಐವತ್ತು ದಾಟಿದ ಹೆಂಗಸು. ಚಂದ್ರವಳ್ಳಿ ಕಡೆಯ ಮನೆಯಿಂದ ಬೆಳಿಗ್ಗೆ ನಡೆದುಕೊಂಡು ಬಂದು ಎಲ್ಲರಿಗಿಂತ ಮೊದಲು ಬೀಗ ತೆಗೆಯುತ್ತಿದ್ದರು. ಗುತ್ತಿಗೆಯ ಮೇಲೆ ಹತ್ತೊಂಬತ್ತು ವರ್ಷ ದುಡಿದವರು. ಓದಿದ್ದು ಏಳನೆಯ ಕ್ಲಾಸು. ವಿದ್ಯಾರ್ಥಿಗಳಿಂದ ಪ್ರಿನ್ಸಿಪಾಲರವರೆಗೆ ಎಲ್ಲರಿಗೂ ಅವರು ಅಕ್ಕನೇ. ಅವತ್ತು ನನ್ನ ಸಂಭ್ರಮ ನೋಡಿ ಸೆರಗಿಗೆ ಕೈ ಒರೆಸಿಕೊಂಡು ಬಂದು ಒಂದು ಕಣ್ಣು ಮುಚ್ಚಿ ಇಣುಕಿದರು.

"ಏನೂ ಕಾಣಲ್ಲಲ್ರಿ ಮೇಡಂ, ಬರೇ ಬೆಳಕೈತೆ."

"ಇನ್ನೊಂಚೂರು ಬಗ್ಗಿ ನೋಡಿ ಅಕ್ಕ."

"ಓ, ಅವೆ ಅವೆ. ಇರುವೆ ಸಾಲು ಹೊಂಟಂಗೈತೆ." ಸ್ವಲ್ಪ ಹೊತ್ತು ನೋಡಿ, "ಇವಕ್ಕೆ ಬೆಲ್ಲ ಇಟ್ಟೋರು ಯಾರು?" ಎಂದು ನಕ್ಕರು. ನಾನು ಕಲಿಸಿದ ಯಾವ ಹುಡುಗರೂ ಇಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ.

ಈ ಕೆಲಸಕ್ಕೆ ಒಬ್ಬನೇ ಶತ್ರು, ಉಪ್ಪು. ನೀರಿನಲ್ಲಿ ಉಪ್ಪಿನಂಶ ಕರಗಿದ್ದರೆ ಕರೆಂಟು ನೀರಿನೊಳಗೇ ಹರಿದುಹೋಗುತ್ತದೆ. ಪಟ್ಟಿಯ ಅಂಚಿನಲ್ಲಿ ಗುಳ್ಳೆ ಏಳುತ್ತದೆ, ನೀರು ಸುಳಿ ತಿರುಗುತ್ತದೆ, ಬೆಳ್ಳಿಯ ಕಣಗಳು ಸಾಲು ಹಿಡಿಯದೆ ಹಿಂಡುಹಿಂಡಾಗಿ ಗಂಟುಕಟ್ಟುತ್ತವೆ. ಅದಕ್ಕೇ ಬಟ್ಟಿ ಇಳಿಸಿದ ನೀರು ಬೇಕು. ನಮ್ಮ ಕಾಲೇಜಿನ ಬಟ್ಟಿಯಂತ್ರ ಇಲ್ಲಿನ ಬೋರಿನ ನೀರಿಗೆ ಹೊಟ್ಟೆ ತುಂಬ ಸುಣ್ಣ ಕಟ್ಟಿಕೊಂಡು ಯಾವತ್ತೋ ಸತ್ತಿತ್ತು. ನಾನು ವಿಶ್ವವಿದ್ಯಾಲಯಕ್ಕೆ ಹೋದಾಗಲೆಲ್ಲ ಅಲ್ಲಿಂದ ಒಂದು ಕ್ಯಾನು ತರುತ್ತಿದ್ದೆ.

ಆ ಕ್ಯಾನು ಒಮ್ಮೆ ಮುಗಿಯಿತು. ಪರೀಕ್ಷೆಯ ಮೇಲ್ವಿಚಾರಣೆ, ಮೌಲ್ಯಮಾಪನ ಅಂತ ವಿಶ್ವವಿದ್ಯಾಲಯದ ಕಡೆ ಹೋಗುವುದಕ್ಕೆ ಆಗಲಿಲ್ಲ. ನನ್ನ ಪ್ರಬಂಧಕ್ಕೆ ಕೊಟ್ಟ ಅವಧಿಯನ್ನು ಎರಡು ಸಲ ಮುಂದೂಡಿಸಿಕೊಂಡಿದ್ದೆ, ಮೂರನೆಯ ಸಲ ಕೇಳುವಂತಿರಲಿಲ್ಲ. ಅವಸರದಲ್ಲಿ ನಾನೇ ಹೋಗಿ ನಮ್ಮ ಬೀದಿಯ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿದೆ. ತುಂಬಿಸಿ, ಬೊಗಸೆಯಲ್ಲಿ ಸ್ವಲ್ಪ ಹಿಡಿದು ಕುಡಿದು ನೋಡಿದೆ. ಸಿಹಿಯಾಗಿತ್ತು. ಸಾಕು ಎಂದುಕೊಂಡೆ.

ಭೌತಶಾಸ್ತ್ರ ಪಾಠ ಮಾಡುವವಳು ನೀರನ್ನು ನಾಲಿಗೆಯಿಂದ ಪರೀಕ್ಷೆ ಮಾಡಿದಳು ಎಂದರೆ ಬೇರೆ ಊರಿನವರು ನಂಬಲಿಕ್ಕಿಲ್ಲ. ನಮ್ಮ ಹಿರಿಯೂರು ಸೀಮೆಯವರು ನಂಬುತ್ತಾರೆ. ನಾನು ಹುಟ್ಟಿ ಬೆಳೆದದ್ದು ಸವಳು ನೀರಿನಲ್ಲಿ. ಆ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸೋಪು ನೊರೆ ಬರುತ್ತಿರಲಿಲ್ಲ, ಬಿಂದಿಗೆಯ ಒಳಗೆ ಬಿಳಿಯ ಪೊರೆ ಕಟ್ಟುತ್ತಿತ್ತು. ಸಾರಿಗೆ ಬೇಕಾದ ನೀರನ್ನು ದೂರದ ತೋಟದ ಬಾವಿಯಿಂದ ತರಬೇಕು. ಹೊಸ ಬಾವಿ, ಹೊಸ ಬೋರು ಎಂದರೆ ಮೊದಲು ಮಾಡುವ ಕೆಲಸ ಒಂದೇ, ಬೊಗಸೆ ಒಡ್ಡಿ ಕುಡಿಯುವುದು. ಸಿಹಿ ಅಥವಾ ಸವಳು, ನೀರಿನಲ್ಲಿ ಮೂರನೆಯ ಜಾತಿ ನಮಗೆ ಗೊತ್ತಿಲ್ಲ. ಎಷ್ಟು ಡಿಗ್ರಿ ಓದಿದರೂ ಗಂಟಲ ಕೆಳಗೆ ಇಳಿದದ್ದು ಹೋಗುವುದಿಲ್ಲ. ಸಿಹಿ ನೀರಿನಲ್ಲೂ ಉಪ್ಪಿನಂಶ ಇರುತ್ತದೆ ಎಂದು ನಾನೇ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದವಳು. ಆ ಪಾಠ ಬೊಗಸೆ ಒಡ್ಡುವಾಗ ನೆನಪಾಗಲಿಲ್ಲ.

ಅಲ್ಲಿಂದ ಬೆಳ್ಳಿ ಸಾಲು ಹಿಡಿಯುವುದು ನಿಂತಿತು. ಒಂದು ದಿನ ಹತ್ತು ಹನಿಯಲ್ಲಿ ಎರಡು ಹನಿ ಅಷ್ಟಿಷ್ಟು ಸಾಲಾದರೆ ಮರುದಿನ ಅದೂ ಇಲ್ಲ. ಗುಳ್ಳೆ, ಸುಳಿ, ಗಂಟು. ನಾನು ಯಂತ್ರ ಬದಲಿಸಿದೆ, ವೈರು ಬದಲಿಸಿದೆ, ಬೆಳ್ಳಿ ಪುಡಿಯ ಹೊಸ ಸೀಸೆ ಒಡೆದೆ. ನೀರನ್ನು ಮಾತ್ರ ಬದಲಿಸಲಿಲ್ಲ. ಮೂರು ತಿಂಗಳು ಹೀಗೇ ಹೋಯಿತು. ಊಟ ಸೇರುತ್ತಿರಲಿಲ್ಲ. ಮನೆಯಲ್ಲಿ ಗಂಡನ ಮೇಲೆ, ಕಾಲೇಜಿನಲ್ಲಿ ಹುಡುಗರ ಮೇಲೆ ಸುಮ್ಮಸುಮ್ಮನೆ ರೇಗುತ್ತಿದ್ದೆ.

ಆ ನಡುವೆ ಅಕ್ಕ ಒಂದು ದಿನ ಸೀಸೆಗಳನ್ನು ತೊಳೆಯುತ್ತ ಹೇಳಿದ್ದರು. "ಮೇಡಂ, ಈ ಕ್ಯಾನಿನ ನೀರು ಬ್ಯಾರೆ ಐತೆ ಕಣ್ರಿ. ಒಣಗಿದ ಮ್ಯಾಲೆ ಬಿಳೀದು ನಿಲ್ತೈತೆ. ಮೊದ್ಲಿನ ನೀರು ಹಂಗೆ ನಿಲ್ತಿರಲಿಲ್ಲ."

"ಅಕ್ಕ, ನನಗೆ ತಲೆ ಕೆಟ್ಟೋಗಿದೆ. ಸುಮ್ನೆ ನಿಮ್ಮ ಕೆಲಸ ನೋಡ್ಕೊಳ್ಳಿ" ಎಂದೆ. ಅವರು ಸುಮ್ಮನೆ ತಮ್ಮ ಕೆಲಸ ನೋಡಿಕೊಂಡರು.

ಆಮೇಲೆ ಒಂದು ಮಧ್ಯಾಹ್ನ ಬೇಗ ತರಗತಿ ಮುಗಿಸಿ ಲ್ಯಾಬಿಗೆ ಬಂದೆ. ಅಕ್ಕ ನಲ್ಲಿಯ ಹತ್ತಿರ ನಿಂತಿದ್ದರು. ಪಕ್ಕದಲ್ಲಿ ತೆಂಗಿನ ಚಿಪ್ಪಿನ ತುಂಬ ನೆನೆಸಿದ ಹುಣಸೆಹಣ್ಣು. ಅವರ ಬೆರಳುಗಳ ನಡುವೆ ನನ್ನ ಗಾಜಿನ ತುಂಡುಗಳು. ತಾಮ್ರದ ಪಟ್ಟಿಗಳನ್ನು ಹುಣಸೆಹಣ್ಣಿನಿಂದ ಮೆಲ್ಲಗೆ ಉಜ್ಜುತ್ತಿದ್ದರು, ಹಬ್ಬದ ಮುಂಚೆ ದೇವರ ಸಾಮಾನು ಬೆಳಗುವ ಹಾಗೆ.

ಮೂರು ತಿಂಗಳ ಉಪವಾಸಕ್ಕೆ ಕಾರಣ ಸಿಕ್ಕಿಬಿಟ್ಟಿತು ಎಂದು ನನಗೆ ಅನ್ನಿಸಿತು. ನಮ್ಮ ಮನೆಗಳಲ್ಲಿ ತಾಮ್ರ, ಹಿತ್ತಾಳೆ ಬೆಳಗುವಾಗ ಹುಣಸೆಹಣ್ಣಿನ ಜೊತೆ ಉಪ್ಪು ಇದ್ದೇ ಇರುತ್ತದೆ. ಎರಡನ್ನೂ ಒಟ್ಟಿಗೇ ಕೈಗೆ ತೆಗೆದುಕೊಳ್ಳುತ್ತೇವೆ, ಯೋಚಿಸುವುದೂ ಇಲ್ಲ. ಹಾಗಾದರೆ ನನ್ನ ಪಟ್ಟಿಗೆ ದಿನಾ ಉಪ್ಪು ಮೆತ್ತುತ್ತಿದೆ.

"ಏನು ಮಾಡ್ತಾ ಇದೀರಾ?" ಎಂದು ನಾನು ಕೂಗಿದ್ದಕ್ಕೆ ಪ್ರಯೋಗ ಮಾಡುತ್ತಿದ್ದ ಹುಡುಗಿಯರೆಲ್ಲ ತಿರುಗಿ ನೋಡಿದರು.

"ಕಪ್ಪು ಹಿಡಿದಿತ್ತು ಮೇಡಂ. ಸ್ಪಿರಿಟ್ಟಿಗೆ ಹೋಗಲ್ಲ ಅದು."

"ಉಪ್ಪು ಹಾಕಿ ತಿಕ್ಕಿದೀರಾ?"

"ಇಲ್ರಿ, ಉಪ್ಪು ಹಾಕಿಲ್ಲ. ಬರೇ ಹುಣಸೆಹಣ್ಣು. ಉಪ್ಪು ಇದಕ್ಕೆ ಆಗಲ್ಲ ಅಂತ ನೀವೇ ಹೇಳಿದ್ರಲ್ಲ."

"ಸುಳ್ಳು ಹೇಳಬೇಡಿ ಅಕ್ಕ. ಉಪ್ಪಿಲ್ಲದೆ ಯಾರು ಹುಣಸೆಹಣ್ಣು ಹಾಕ್ತಾರೆ?"

ಗಲಾಟೆ ಕೇಳಿ ಪಕ್ಕದ ಕೊಠಡಿಯ ಅಧ್ಯಾಪಕರು ಬಾಗಿಲಿಗೆ ಬಂದರು. ಅವರೆಲ್ಲರ ಮುಂದೆ ನಾನು ಇನ್ನೂ ಏನೇನೋ ಅಂದೆ. ಓದು ಬರಹ ಇಲ್ಲದವರ ಕೈಗೆ ಲ್ಯಾಬು ಕೊಟ್ಟರೆ ಇನ್ನೇನಾಗುತ್ತದೆ ಎಂದೂ ಅಂದೆ. ಆ ಮಾತು ಬರೆಯುವಾಗ ಈಗ ನಾಚಿಕೆಯಾಗುತ್ತಿದೆ, ಆದರೂ ಬಿಟ್ಟರೆ ಈ ಬರಹ ಸುಳ್ಳಾಗುತ್ತದೆ. ಅಕ್ಕ ತಲೆ ತಗ್ಗಿಸಲಿಲ್ಲ, ಅಳಲೂ ಇಲ್ಲ. ಗಾಜಿನ ತುಂಡುಗಳನ್ನು ಒಂದೊಂದಾಗಿ ಒರೆಸಿ ಬಟ್ಟೆಯ ಮೇಲೆ ಇಟ್ಟು, "ಉಪ್ಪು ಹಾಕಿಲ್ಲ ಮೇಡಂ" ಎಂದು ಇನ್ನೊಂದು ಸಲ ಹೇಳಿದರು.

ನಾನು ಅಷ್ಟಕ್ಕೇ ಬಿಡಲಿಲ್ಲ. ಕುಳಿತು ಪ್ರಿನ್ಸಿಪಾಲರಿಗೆ ಒಂದು ಕಾಗದ ಬರೆದೆ. ಪ್ರಯೋಗದ ಪಟ್ಟಿಗಳನ್ನು ಉಪ್ಪು, ಹುಣಸೆಹಣ್ಣು ಹಾಕಿ ಉಜ್ಜಿ ಮೂರು ತಿಂಗಳ ಕೆಲಸ ಹಾಳು ಮಾಡಿದ್ದಾರೆ, ಕೇಳಿದರೆ ಸುಳ್ಳು ಹೇಳುತ್ತಾರೆ, ಇವರನ್ನು ಲ್ಯಾಬಿನಿಂದ ಬದಲಿಸಬೇಕು ಎಂದು. ಪ್ರಿನ್ಸಿಪಾಲರು ನಿಧಾನದ ಮನುಷ್ಯ. ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡ್ರಿ, ಬಾಯಲ್ಲಿ ಹೇಳಿದ್ರೆ ನಾನು ಕರೆಸಿ ಹೇಳ್ತೀನಿ, ಅಲ್ಲಿಗೆ ಮುಗೀತೈತೆ. ಕಾಗದ ಕೊಟ್ರೆ ಗುತ್ತಿಗೆದಾರರಿಗೆ ಕಳಿಸಬೇಕು, ಫೈಲಿಗೆ ಹೋಗ್ತೈತೆ. ವರ್ಷದ ಕೊನೆಗೆ ಗುತ್ತಿಗೆ ಹೊಸದು ಮಾಡುವಾಗ ಅವರು ನೋಡೋದು ಅದನ್ನೇ. ಆಯಮ್ಮನ ಕೆಲಸಕ್ಕೆ ಕುತ್ತು ಬರ್ತೈತೆ. ವಿಚಾರ ಮಾಡ್ರಿ."

"ಬರಲಿ ಸರ್" ಎಂದೆ. ಎರಡೇ ಮಾತು. ಬಿಸಿ ಎಣ್ಣೆಯ ಸಾಸಿವೆ.

ವಾರದೊಳಗೆ ಗುತ್ತಿಗೆದಾರರು ಅಕ್ಕನನ್ನು ಹೊಸದುರ್ಗದ ಒಂದು ವಿದ್ಯಾರ್ಥಿನಿಲಯದ ಅಡಿಗೆಮನೆಗೆ ಹಾಕಿದರು. ಮನೆ ಚಿತ್ರದುರ್ಗ, ಕೆಲಸ ಹೊಸದುರ್ಗ. ಬೆಳಕು ಹರಿಯುವ ಮುಂಚೆ ಬಸ್ಸು ಹಿಡಿಯಬೇಕು. ಕೊನೆಯ ದಿನ ಅವರು ಲ್ಯಾಬಿನ ಕೀಲಿಯನ್ನು ಮೊಳೆಗೆ ತಗುಲಿಹಾಕಿ, ಹುಡುಗಿಯರಿಗೆ ಹೋಗಿಬರುತ್ತೇನೆ ಎಂದು ಹೇಳಿ ಹೋದರಂತೆ. ನಾನು ತರಗತಿಯಲ್ಲಿದ್ದೆ. ಇದ್ದದ್ದು ಒಳ್ಳೆಯದೇ ಆಯಿತು ಎಂದು ಆಗ ಅನ್ನಿಸಿತ್ತು.

ಅವರು ಹೋದ ಮೇಲೆ ಪಟ್ಟಿಗಳನ್ನು ನಾನೇ ಸ್ಪಿರಿಟ್ಟಿನಿಂದ ಒರೆಸಿದೆ, ಹೊಸ ಪಟ್ಟಿ ಅಂಟಿಸಿದೆ. ಗುಳ್ಳೆ ಎದ್ದವು. ಮತ್ತೆ ಒರೆಸಿದೆ, ಮತ್ತೆ ಗುಳ್ಳೆ. ಎರಡು ವಾರವಾದರೂ ಒಂದೇ ಒಂದು ಸಾಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ನೆಲವನ್ನೇ ಊರು ಬಿಡಿಸಿದ್ದೆ, ಆದರೂ ಕುಣಿತ ಬರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಲ್ಯಾಬಿಗೆ ಬಂದಾಗ ಮೇಜಿನ ಮೇಲೆ ಒಂದು ಗಾಜಿನ ತುಂಡು ಹಾಗೇ ಇತ್ತು. ಶನಿವಾರ ಅದರ ಮೇಲೆ ಬರೀ ನೀರಿನ ಹನಿ ಬಿಟ್ಟು ಮರೆತು ಹೋಗಿದ್ದೆ. ಬೆಳ್ಳಿ ಹಾಕಿರಲಿಲ್ಲ, ಪಟ್ಟಿಯೂ ಇರಲಿಲ್ಲ. ಅಕ್ಕ ಇದ್ದಿದ್ದರೆ ಅದು ಅವತ್ತೇ ತೊಳೆದು ಒಣಗಿರುತ್ತಿತ್ತು. ಈಗ ಹನಿ ಒಣಗಿ ಒಂದು ಬಿಳಿಯ ಉಂಗುರ ನಿಂತಿತ್ತು. ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದೆ. ಹರಳುಗಳು. ಒತ್ತೊತ್ತಾಗಿ, ಮೂಲೆಮೂಲೆಯಾಗಿ, ಹೊಳೆಯುವ ಹರಳುಗಳು. ಒಣಗಿದ ಮೇಲೆ ಬಿಳಿದು ನಿಲ್ಲುತ್ತದೆ ಎಂದು ನನಗೆ ಹೇಳಿದವರಿದ್ದರು. ನಾನು ಅವರಿಗೆ ನಿಮ್ಮ ಕೆಲಸ ನೋಡಿಕೊಳ್ಳಿ ಎಂದಿದ್ದೆ.

ಕ್ಯಾನಿನ ಕಡೆ ತಿರುಗಿ ನೋಡಿದೆ. ಆದರೂ ಮನಸ್ಸು ಪೂರ್ತಿ ಒಪ್ಪಲಿಲ್ಲ ನೋಡಿ, ಇನ್ನೂ ಒಂದು ಪರೀಕ್ಷೆ ಬೇಕು ಎಂದಿತು. ರಾಮಗಿರಿಯ ನನ್ನ ಗೆಳತಿಯೊಬ್ಬಳು ಹೊಳಲ್ಕೆರೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಾಳೆ. ಅವಳ ಲ್ಯಾಬಿನ ಬಟ್ಟಿಯಂತ್ರ ಕೆಲಸ ಮಾಡುತ್ತಿತ್ತು. ಹೊಳಲ್ಕೆರೆಗೆ ಹೋಗಿ, ಅವಳು ಕೊಟ್ಟ ನೀರಿನ ಕ್ಯಾನನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಪಕ್ಕದಲ್ಲಿ ಕುಳಿತಿದ್ದ ಅಜ್ಜಿ, "ಏನವ್ವಾ, ತೀರ್ಥನಾ?" ಎಂದು ಕೇಳಿದರು. ಹೌದಜ್ಜಿ ಎಂದೆ. ಅವರು ಬೊಗಸೆ ಒಡ್ಡುವ ಮುಂಚೆ ಊರು ಬಂತು.

ಹೊಸ ನೀರಿನಲ್ಲಿ ಗುಳ್ಳೆ ಏಳಲಿಲ್ಲ. ಕಣಗಳು ನಡುಗಿದವು, ಒಂದನ್ನೊಂದು ಹುಡುಕಿದವು, ಸಾಲು ಹಿಡಿಯತೊಡಗಿದವು. ಆದರೆ ಸಾಲು ಪಟ್ಟಿಯ ಹತ್ತಿರ ಬಂದು ನಿಲ್ಲುತ್ತಿತ್ತು, ಮುಳ್ಳು ಅಲ್ಲಾಡುತ್ತಿರಲಿಲ್ಲ. ಪಟ್ಟಿಯ ಅಂಚು ಕಪ್ಪಾಗಿತ್ತು. ಸ್ಪಿರಿಟ್ಟು ಆ ಕಪ್ಪನ್ನು ತೆಗೆದಿರಲಿಲ್ಲ, ಅಕ್ಕ ಹೇಳಿದ್ದ ಹಾಗೆಯೇ. ಆ ತೆಂಗಿನ ಚಿಪ್ಪು ಇನ್ನೂ ನಲ್ಲಿಯ ಹಿಂದೆಯೇ ಇತ್ತು. ಮರುದಿನ ಮನೆಯಿಂದ ಹುಣಸೆಹಣ್ಣು ತಂದು, ಉಪ್ಪು ಹಾಕದೆ, ಬೆರಳ ತುದಿಯಿಂದ ಮೆಲ್ಲಗೆ ಉಜ್ಜಿ, ಒಳ್ಳೆಯ ನೀರಿನಲ್ಲಿ ತೊಳೆದೆ. ತಾಮ್ರ ಹೊಸ ಬಿಂದಿಗೆಯ ಹಾಗೆ ಕೆಂಪಾಯಿತು. ಆ ದಿನ ಹತ್ತಕ್ಕೆ ಹತ್ತು ಹನಿಯಲ್ಲೂ ಮುಳ್ಳು ಜಿಗಿಯಿತು.

ಲ್ಯಾಬಿನ ಹಳೆಯ ಹುಡುಗಿಯರನ್ನು ಕೇಳಿದೆ. ಅಕ್ಕ ಪಟ್ಟಿಗಳನ್ನು ಹುಣಸೆಹಣ್ಣಿನಿಂದ ಉಜ್ಜುತ್ತಿದ್ದದ್ದು ಮೊದಲ ದಿನದಿಂದಲೇ ಅಂತೆ. ನನ್ನ ಪ್ರಬಂಧದ ಒಳ್ಳೆಯ ಅಂಕಿಗಳೆಲ್ಲ ಅವರು ಬೆಳಗಿದ ಪಟ್ಟಿಯ ಮೇಲೆ ಬಂದವು. ಈಗ ನನ್ನ ಪ್ರಬಂಧದಲ್ಲಿ ಪಟ್ಟಿಗಳನ್ನು ದುರ್ಬಲ ಸಸ್ಯಜನ್ಯ ಆಮ್ಲದಿಂದ ಶುಚಿಗೊಳಿಸಲಾಯಿತು ಎಂಬ ಅರ್ಥದ ಒಂದು ಗಂಭೀರವಾದ ವಾಕ್ಯವಿದೆ. ಅದು ಆ ತೆಂಗಿನ ಚಿಪ್ಪು.

ನನ್ನ ಮಾರ್ಗದರ್ಶಕರಿಗೆ ಫೋನು ಮಾಡಿ ಎಲ್ಲಾ ಹೇಳಿದೆ. ಪ್ರಿನ್ಸಿಪಾಲರಿಗೆ ಇನ್ನೊಂದು ಕಾಗದ ಕೊಡುತ್ತೇನೆ ಎಂದೂ ಹೇಳಿದೆ. ಮಾರ್ಗದರ್ಶಕರು ಬೇಡವೆಂದರು.

"ಆ ಮೂರು ತಿಂಗಳ ಅಂಕಿಗಳನ್ನು ಪ್ರಬಂಧದಿಂದ ಕೈಬಿಡಿ, ಸಾಕು. ಕಾಗದ ಗೀಗದ ಬೇಡ. ಮೌಖಿಕ ಪರೀಕ್ಷೆಗೆ ಬರುವವರ ಕಿವಿಗೆ ಬಿದ್ದರೆ, ಕುಡಿಯುವ ನೀರಿನಲ್ಲಿ ಪ್ರಯೋಗ ಮಾಡಿದವರು ಅಂತ ಮೊದಲಿಂದ ಎಲ್ಲಾ ಕೆದಕುತ್ತಾರೆ. ಏಳು ವರ್ಷ ನೀರಿಗೆ ಹೋಗುತ್ತೆ. ಪರೀಕ್ಷೆ ಮುಗಿಯಲಿ, ಆಮೇಲೆ ಏನು ಬೇಕಾದರೂ ಬರೆಯಿರಿ."

ಅವರು ಹೇಳಿದ್ದು ನನ್ನ ಒಳ್ಳೆಯದಕ್ಕೇ. ನನಗೂ ಅದೇ ಬೇಕಾಗಿತ್ತು, ಅದನ್ನೂ ಒಪ್ಪಿಕೊಳ್ಳುತ್ತೇನೆ. ಕಾಗದ ಆಮೇಲೆ ಕೊಡೋಣ, ಈಗ ಹೋಗಿ ಅಕ್ಕನ ಹತ್ತಿರ ತಪ್ಪಾಯ್ತು ಎಂದು ಬಾಯಲ್ಲಿ ಹೇಳಿಬಂದರೆ ಮನಸ್ಸು ಹಗುರಾಗುತ್ತದೆ ಎಂದು ಲೆಕ್ಕ ಹಾಕಿದೆ. ಒಂದು ದಿನ ರಜೆ ಹಾಕಿ ಹೊಸದುರ್ಗದ ಬಸ್ಸು ಹತ್ತಿದೆ. ಗುಡ್ಡದ ಮೇಲೆ ಗಾಳಿಕಂಬಗಳ ರೆಕ್ಕೆಗಳು ತಿರುಗುತ್ತಿದ್ದವು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡು ಹೋದೆ.

ವಿದ್ಯಾರ್ಥಿನಿಲಯದ ಅಡಿಗೆಮನೆಯಲ್ಲಿ ಅಕ್ಕ ಒಬ್ಬರೇ ಇದ್ದರು. ನೆಲದ ಮೇಲೆ ಕುಳಿತು ಈರುಳ್ಳಿ ಹೆಚ್ಚುತ್ತಿದ್ದರು. ನನ್ನನ್ನು ನೋಡಿ ಎದ್ದು, "ಬರ್ರಿ ಮೇಡಂ,‌ ಕುಂತ್ಕಳ್ರಿ" ಎಂದು ಪ್ಲಾಸ್ಟಿಕ್ ಸ್ಟೂಲು ಒರೆಸಿ ಕೊಟ್ಟರು. ಚಹಾ ಕಾಯಿಸಿದರು. ನಾನು ಮೊಬೈಲು ತೆಗೆದು, ಸೂಕ್ಷ್ಮದರ್ಶಕದಿಂದ ಹಿಡಿದ ಚಿತ್ರ ತೋರಿಸಿದೆ. ಕಣಗಳು ಸಾಲಾಗಿ ಈ ಕಡೆಯಿಂದ ಆ ಕಡೆಗೆ ಮುಟ್ಟುವುದನ್ನು ಅವರು ಕೊನೆಯವರೆಗೂ ನೋಡಿದರು.

"ಸಾಲು ಹಿಡಿದಾವೆ" ಎಂದರು.

"ನಿಮ್ಮ ತಪ್ಪು ಏನೂ ಇರಲಿಲ್ಲ ಅಕ್ಕ. ನೀರು ಕೆಟ್ಟದ್ದು, ಅದನ್ನ ತಂದವಳು ನಾನು. ನೀವು ಹೇಳಿದ್ರೂ ಕೇಳಲಿಲ್ಲ. ತಪ್ಪಾಯ್ತು."

"ನನ್ನ ತಪ್ಪಿಲ್ಲ ಅಂತ ನನಗೆ ಗೊತ್ತಿತ್ತು ಮೇಡಂ. ಗೊತ್ತಾಗಬೇಕಾದೋರು ಬ್ಯಾರೆ ಅದಾರೆ."

ನಾನು ಚಹಾದ ಲೋಟ ಕೆಳಗಿಟ್ಟೆ. ಅಕ್ಕ ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ಒಂದು ಸಣ್ಣ ಬಾಗಿಲು, ಅದಕ್ಕೆ ದಪ್ಪ ಬೀಗ.

"ಅದು ಉಗ್ರಾಣ. ನನಗಿಂತ ಆಮ್ಯಾಲೆ ಬಂದೋರ ಕೈಗೆ ಕೀಲಿ ಕೊಟ್ಟಾರೆ, ನನ್ನ ಕೈಗಿಲ್ಲ. ಒಂದು ಹಿಡಿ ಬ್ಯಾಳೆ ಬೇಕಾದ್ರೂ ವಾರ್ಡನ್ನಮ್ಮನ್ನ ಕರೀಬೇಕು. ಸಾಮಾನು ಹಾಳು ಮಾಡ್ತಾಳೆ, ಸುಳ್ಳು ಹೇಳ್ತಾಳೆ ಅಂತ ನನ್ನ ಕಾಗದದಾಗೆ ಐತಂತೆ." ಅವರ ದನಿ ಏರಲಿಲ್ಲ. "ಹತ್ತೊಂಬತ್ತು ವರ್ಷಕ್ಕೆ ನನ್ನ ಬಗ್ಗೆ ಯಾರಾದ್ರೂ ಬರ್ದಿರೋ ಕಾಗದ ಅಂದ್ರೆ ಅದೊಂದೇ ಮೇಡಂ."

ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳಲ್ಲಿ ಆ ಕಾಗದದ ಸುದ್ದಿಯೇ ಇರಲಿಲ್ಲ.

"ಬೈಯೋದು ಬಾಯಾಗೂ ಬೈದ್ರಿ, ಕಾಗದದಾಗೂ ಬೈದ್ರಿ. ತಪ್ಪಾಯ್ತು ಅನ್ನೋದು ಬರೇ ಬಾಯಾಗೇನ್ರಿ?"

"ಬರೆದುಕೊಡ್ತೀನಿ ಅಕ್ಕ. ಆದ್ರೆ ನನ್ನ ಪರೀಕ್ಷೆ ಒಂದಿದೆ. ಅದು ಮುಗಿಯೋ ತನಕ ತಡೀರಿ. ಈಗ ಬರೆದುಕೊಟ್ಟರೆ ನನ್ನ ಏಳು ವರ್ಷದ ಕೆಲಸಕ್ಕೆ ತೊಂದರೆ ಆಗಬಹುದು."

"ನಿಮ್ಮ ಪರೀಕ್ಷೆ ಯಾವಾಗ?"

"ಬರೋ ತಿಂಗಳ ಕೊನೆ."

"ನನ್ನ ಗುತ್ತಿಗೆ ಈ ತಿಂಗಳ ಕೊನೆ" ಎಂದು ಅಕ್ಕ ಮತ್ತೆ ಈರುಳ್ಳಿ ಹೆಚ್ಚಲು ಕುಳಿತರು.

ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಎಸರು ಕಾಯುತ್ತಿತ್ತು. ಪರೀಕ್ಷಕರು ಏನು ಕೇಳಬಹುದು, ನಾನು ಏನು ಹೇಳಬಹುದು ಎಂದು ಯೋಚಿಸಿದೆ. ಭಯವಾಯಿತು. ನನ್ನ ಎದುರಿಗೆ ಒಬ್ಬ ಹೆಂಗಸು ಈ ತಿಂಗಳು ಕಳೆದರೆ ಕೆಲಸ ಕಳೆದುಕೊಳ್ಳುವವಳಿದ್ದಾಳೆ, ನಾನು ನನ್ನ ಪ್ರಶ್ನೋತ್ತರ ಲೆಕ್ಕ ಹಾಕುತ್ತಿದ್ದೇನೆ ಎನ್ನಿಸಿ ಆ ಭಯಕ್ಕಿಂತ ನಾಚಿಕೆ ಹೆಚ್ಚಾಯಿತು. ಕೈಚೀಲದಿಂದ ಒಂದು ಬಿಳಿ ಹಾಳೆ ತೆಗೆದು, ಚಹಾದ ತಟ್ಟೆಯನ್ನು ಬೋರಲು ಹಾಕಿ ಅದರ ಮೇಲಿಟ್ಟು ಬರೆಯಲು ಶುರುಮಾಡಿದೆ.

ಎಲ್ಲಾ ಬರೆದೆ. ಹಿಂದಿನ ಕಾಗದದಲ್ಲಿ ನಾನು ಮಾಡಿದ ಆಪಾದನೆ ತಪ್ಪು ಎಂದೂ, ಪ್ರಯೋಗ ಕೆಟ್ಟದ್ದು ನಾನೇ ತಂದ ನೀರಿನಿಂದ ಎಂದೂ, ಅದರ ದೋಷವನ್ನು ಇವರು ಮೊದಲೇ ಹೇಳಿದ್ದರೂ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ ಎಂದೂ, ಇವರು ಶುಚಿಮಾಡಿದ ಪಟ್ಟಿಗಳಿಂದಲೇ ನನ್ನ ಪ್ರಯೋಗ ಫಲಿಸಿತು ಎಂದೂ ಬರೆದೆ. ಇದರ ಪ್ರತಿಯನ್ನು ಗುತ್ತಿಗೆದಾರರಿಗೂ ವಿದ್ಯಾರ್ಥಿನಿಲಯಕ್ಕೂ ಕಳಿಸಬೇಕೆಂದು ಕೇಳಿಕೊಂಡೆ. ಸಹಿ ಹಾಕಿ ಅಕ್ಕನ ಕೈಗೆ ಕೊಟ್ಟೆ.

ಅವರು ಕೈ ತೊಳೆದುಕೊಂಡು, ಸೆರಗಿಗೆ ಚೆನ್ನಾಗಿ ಒರೆಸಿಕೊಂಡು, ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ತುಟಿ ಅಲ್ಲಾಡಿಸುತ್ತ, ಒಂದೊಂದೇ ಪದ ಓದಿದರು. ಮುಗಿದ ಮೇಲೆ ಮೇಲಿನಿಂದ ಇನ್ನೊಂದು ಸಲ ಓದಿದರು. ಆಮೇಲೆ ಹಾಳೆಯನ್ನು ನನಗೇ ವಾಪಸು ಕೊಟ್ಟರು.

"ಉಪ್ಪಿನ ಮಾತೇ ಇಲ್ಲ ಇದ್ರಾಗೆ."

ನಾನು ಹಾಳೆಯ ಮೇಲೆ ಮತ್ತೊಮ್ಮೆ ಕಣ್ಣು ಹಾಯಿಸಿದೆ.

"ಉಪ್ಪು ಹಾಕಿಲ್ಲ ಅಂತ ಅಷ್ಟು ಜನದ ಮುಂದೆ ಎರಡು ಸಲ ಅಂದೆ ಮೇಡಂ. ಸುಳ್ಳು ಅಂದ್ರಿ. ಕೆಲಸ ಹೋದ್ರೆ ಇನ್ನೊಂದು ಸಿಗ್ತೈತೆ. ಉಪ್ಪಿಂದು ಬರೀರಿ."

ಸಹಿಯ ಮೇಲೆ ಸ್ವಲ್ಪವೇ ಜಾಗ ಉಳಿದಿತ್ತು. ಅವರು ಉಪ್ಪು ಹಾಕಿರಲಿಲ್ಲ, ಅವರು ಹೇಳಿದ್ದು ನಿಜ, ಸುಳ್ಳು ಹೇಳಿದ್ದು ಅವರಲ್ಲ ಎಂದು ಸಣ್ಣ ಅಕ್ಷರದಲ್ಲಿ ಇಕ್ಕಟ್ಟಾಗಿ ಬರೆದೆ. ಬರೆಯುವಾಗ ಕಣ್ಣು ತುಂಬಿತು. ಅದು ಈರುಳ್ಳಿಯ ಘಾಟಿಗೆ ಎಂದು ಹೇಳಿದರೆ ಇನ್ನೊಂದು ಸುಳ್ಳಾಗುತ್ತದೆ.

ಅಕ್ಕ ಆ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಇಟ್ಟರು.

"ಈಗ ಕೊಟ್ಟು ಬರ್ರಿ" ಎಂದರು. "ಎರಡು ಗಂಟೆಗೆ ದುರ್ಗದ ಬಸ್ಸೈತೆ."